ಓದಲು ಜಾಗ, ಬರೆಯಲು ಹೊತ್ತು: ಹೊಸಬರಿಗೆ ಹಂತ ಹಂತವಾಗಿ

ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ಯಲ್ಲಿ ಶ್ರೀರಾಮಪುರದ ಸ್ಮಶಾನ ಬರುತ್ತದೆ. 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ ಬೆಂಗಳೂರಿನ ಇಕ್ಕಟ್ಟಿನ ಕೇರಿಗೆ ಬಂದು ಸೇರಿದ ಹುಡುಗ, ಓದುವುದಕ್ಕೆ ಆರಿಸಿಕೊಂಡ ಜಾಗ ಅದು. ಹೆಣ ಬಂದಾಗ ಬಿಟ್ಟರೆ ಉಳಿದ ಹೊತ್ತಿನಲ್ಲಿ ಅಲ್ಲಿ ಗದ್ದಲವಿಲ್ಲ, ‘ಏಳಪ್ಪ, ಆಚೆ ಹೋಗು’ ಅನ್ನುವವರಿಲ್ಲ. ಆ ಹುಡುಗ 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟಿಸಿದ, ಮುಂದೆ ಜ್ಞಾನಭಾರತಿಯಲ್ಲಿ ಕನ್ನಡ ಪ್ರಾಧ್ಯಾಪಕನಾದ. ಸ್ಮಶಾನದ ಪ್ರಸಂಗಗಳನ್ನು ಅವರು ಬರೆದಿರುವ ರೀತಿ ಎಷ್ಟು ತಮಾಷೆಯಾಗಿದೆಯೆಂದರೆ, ಅದರ ಹಿಂದಿನ ಬಡತನ ಓದಿ ಮುಗಿಸಿದ ಮೇಲೆ ನಿಧಾನವಾಗಿ ತಟ್ಟುತ್ತದೆ.

ಈ ಕೈಪಿಡಿ ಶುರುವಾಗಬೇಕಾದದ್ದು ಅಲ್ಲಿಂದಲೇ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯ ಎಷ್ಟೋ ಜನ ‘ಬರೀಬೇಕು ಅಂತ ಆಸೆ ಇದೆ, ಓದೋಕೇ ಟೈಮ್ ಸಿಗಲ್ಲ’ ಅನ್ನುತ್ತಾರೆ. ಅವರ ದಿನಚರಿಯನ್ನು ಸ್ವಲ್ಪ ಕೆದಕಿ ನೋಡಿ. ಟೈಮು ಇರುತ್ತದೆ, ಅದು ಮೊಬೈಲಿನಲ್ಲಿ ಚೂರು ಚೂರಾಗಿ ಕರಗುತ್ತಿರುತ್ತದೆ. ಇಲ್ಲದೇ ಇರುವುದು ಜಾಗ. ಒಂದೂವರೆ ಕೋಣೆಯ ಬಾಡಿಗೆ ಮನೆ, ಹಾಲ್‌ನಲ್ಲಿ ಧಾರಾವಾಹಿ, ಪಿಜಿಯಾದರೆ ಪಕ್ಕದ ಮಂಚದವನ ಫೋನ್ ಸಂಭಾಷಣೆ. ಆದ್ದರಿಂದ ಪುಸ್ತಕದ ಪಟ್ಟಿ ಆಮೇಲೆ. ಮೊದಲು ಜಾಗ ಹುಡುಕೋಣ.

ಹಂತ 1: ಕೂರುವ ಜಾಗ ಗೊತ್ತು ಮಾಡಿಕೊಳ್ಳಿ

ಜಾಗಕ್ಕೆ ಮೂರು ಷರತ್ತು ಸಾಕು. ಅದು ನೀವು ಹೇಗೂ ಹೋಗುವ ದಾರಿಯಲ್ಲಿರಬೇಕು. ದುಡ್ಡು ಕೇಳಬಾರದು. ಅರ್ಧ ಗಂಟೆ ನಿಮ್ಮನ್ನು ಯಾರೂ ಎಬ್ಬಿಸಬಾರದು.

ಮೂರನೆಯದೇ ಕಷ್ಟ. ದರ್ಶಿನಿಯಲ್ಲಿ ಕಾಫಿ ಚೆನ್ನಾಗಿರುತ್ತದೆ, ಆದರೆ ನಿಂತು ಕುಡಿದು ಹೊರಡಬೇಕು. ಲೋಟ ಖಾಲಿಯಾದ ಮೇಲೂ ನಿಂತಿದ್ದರೆ ಬಟ್ಟೆ ಹಿಡಿದ ಹುಡುಗ ಟೇಬಲ್ ಒರೆಸಲು ಬರುತ್ತಾನೆ. ಪಾರ್ಕಿನ ಬೆಂಚು ಬೆಳಿಗ್ಗೆ ವಾಕಿಂಗ್‌ನವರ ಪಾಲು, ಸಂಜೆ ಹಿರಿಯರ ರಾಜಕೀಯ ಚರ್ಚೆಯ ಪಾಲು. ತಾರಸಿ ಒಳ್ಳೆಯದು, ಓನರ್ ಬಾಗಿಲಿಗೆ ಬೀಗ ಹಾಕದಿದ್ದರೆ. ಆಫೀಸಿಗೆ ಅರ್ಧ ಗಂಟೆ ಮುಂಚೆ ಹೋಗಿ ಖಾಲಿ ಮೀಟಿಂಗ್ ರೂಮಿನಲ್ಲಿ ಕೂರುವುದು ನನಗೆ ಗೊತ್ತಿರುವ ಉಪಾಯಗಳಲ್ಲಿ ಅತ್ಯುತ್ತಮ. ಮಕ್ಕಳನ್ನು ಟ್ಯೂಷನ್ನಿಗೆ ಬಿಟ್ಟು ಕಾಯುವ ಅಮ್ಮಂದಿರಿಗೆ ಆ ಮೆಟ್ಟಿಲೇ ಸಾಕು. ಅಲ್ಲಿ ಹೇಗೂ ಒಂದು ಗಂಟೆ ಕಳೆಯಲೇಬೇಕು.

ಒಂದು ವಾರ ಎರಡು ಮೂರು ಜಾಗ ಪ್ರಯತ್ನಿಸಿ, ಒಂದನ್ನು ಉಳಿಸಿಕೊಳ್ಳಿ. ಆ ಜಾಗದಲ್ಲಿ ಫೋನ್ ಬ್ಯಾಗಿನೊಳಗಿರಲಿ. ಜೇಬಿನಲ್ಲಿದ್ದರೆ ಕೈ ಅಲ್ಲಿಗೇ ಹೋಗುತ್ತದೆ.

ಹಂತ 2: ಗ್ರಂಥಾಲಯದ ಸದಸ್ಯರಾಗಿ

ನಿಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿ ಸಿಕ್ಕರೆ ನೋಡಿ. ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಫಲ ಅದು. ಬಾಡಿಗೆಗೆ ಇರುವವರೂ ಸುತ್ತಿ ಬಳಸಿ ಅದನ್ನು ಕಟ್ಟುತ್ತಲೇ ಇದ್ದಾರೆ. ಕಟ್ಟಿದ ದುಡ್ಡಿನ ಪುಸ್ತಕವನ್ನು ಓದದೆ ಬಿಡುವುದು ಯಾಕೆ?

ನಗರ ಕೇಂದ್ರ ಗ್ರಂಥಾಲಯದ ಪಶ್ಚಿಮ ವಲಯದ ಕಚೇರಿ ಇರುವುದು ವಿಜಯನಗರದ ಹಂಪಿನಗರದಲ್ಲಿ. ಅದಲ್ಲದೆ ಬಡಾವಣೆಗೊಂದರಂತೆ ಶಾಖೆಗಳಿವೆ; ನಿಮ್ಮ ವಾರ್ಡಿನದು ಎಲ್ಲಿದೆ ಎಂದು ಹಳೆಯ ನಿವಾಸಿಗಳನ್ನೋ ಪೇಪರ್ ಹಾಕುವ ಹುಡುಗನನ್ನೋ ಕೇಳಿ. ಗುರುತಿನ ಚೀಟಿ, ವಿಳಾಸದ ದಾಖಲೆ, ಫೋಟೊ ಒಯ್ದು ಸಣ್ಣ ಠೇವಣಿ ಕಟ್ಟಿದರೆ ಪುಸ್ತಕ ಮನೆಗೆ ತರಬಹುದು. ರಜೆ ಮತ್ತು ವೇಳೆಯನ್ನು ಬಾಗಿಲಿನ ಫಲಕದಲ್ಲಿ ನೋಡಿಕೊಂಡೇ ಬನ್ನಿ.

ವಿಜಯನಗರದ ಓದುವ ಕೋಣೆಗಳ ಬಗ್ಗೆ ಒಂದು ಮಾತು. ಅಟ್ಟಿಗುಪ್ಪೆ, ಚಂದ್ರಾ ಲೇಔಟ್, ವಿಜಯನಗರದ ತುಂಬ ಕೆಎಎಸ್, ಐಎಎಸ್, ಪಿಎಸ್‌ಐ ಕೋಚಿಂಗ್ ಸೆಂಟರುಗಳು. ಕಲಬುರಗಿಯಿಂದ, ವಿಜಯಪುರದಿಂದ, ಚಾಮರಾಜನಗರದಿಂದ ಬಂದ ಹುಡುಗ ಹುಡುಗಿಯರು ಪಿಜಿಗಳಲ್ಲಿದ್ದುಕೊಂಡು ಇಡೀ ದಿನ ಓದುತ್ತಾರೆ. ನೀವು ಹತ್ತು ಗಂಟೆಗೆ ಹೋದರೆ ಕುರ್ಚಿ ಸಿಗುವುದು ಅನುಮಾನ. ಆದರೆ ಕಥೆ, ಕಾದಂಬರಿ, ಪ್ರಬಂಧದ ಕಪಾಟಿನ ಮುಂದೆ ನೂಕುನುಗ್ಗಲು ಇರುವುದಿಲ್ಲ. ಅಲ್ಲಿ ನಿಂತು ನಾಲ್ಕು ಪುಸ್ತಕದ ಮೊದಲ ಪುಟ ಓದಿ, ಒಂದನ್ನು ಹಿಡಿದು ಹೊರಗೆ ಬನ್ನಿ. ಹಾಗೆಂದು ಆ ಪರೀಕ್ಷಾರ್ಥಿಗಳನ್ನು ಕಡೆಗಣಿಸಬೇಡಿ. ಅವರ ನಡುವೆ ಯುಪಿಎಸ್‌ಸಿಗೆ ಕನ್ನಡ ಸಾಹಿತ್ಯವನ್ನೇ ಐಚ್ಛಿಕವಾಗಿ ಆರಿಸಿಕೊಂಡವರು ಇರುತ್ತಾರೆ. ಅವರು ಪಂಪನ ‘ವಿಕ್ರಮಾರ್ಜುನ ವಿಜಯ’ದ ಆಶ್ವಾಸಗಳನ್ನು ಪದ ಬಿಡಿಸಿ ಓದಿರುತ್ತಾರೆ. ಹಳಗನ್ನಡ ಕಲಿಯುವ ಆಸೆ ಇದ್ದರೆ ಒಂದು ಬೈಟು ಕಾಫಿಗೆ ಕರೆಯಿರಿ. ಬೇರೆಯವರಿಗೆ ಹೇಳಿಕೊಟ್ಟರೆ ಅವರ ಓದೂ ಗಟ್ಟಿಯಾಗುತ್ತದೆ.

ಹಂತ 3: ಮೊದಲ ಪುಸ್ತಕ ತೆಳ್ಳಗಿರಲಿ, ಹತ್ತಿರದ್ದಿರಲಿ

ಹೊಸಬರು ಮಾಡುವ ದೊಡ್ಡ ಸಾಹಸವೆಂದರೆ ‘ಮಲೆಗಳಲ್ಲಿ ಮದುಮಗಳು’ ಅಥವಾ ‘ಪರ್ವ’ದಿಂದ ಶುರುಮಾಡುವುದು. ಎರಡೂ ಓದಲೇಬೇಕಾದ ಕಾದಂಬರಿಗಳು, ಆದರೆ ಓದುವ ರೂಢಿ ತಪ್ಪಿದವರಿಗೆ ಅವು ಮೊದಲ ಮೆಟ್ಟಿಲಲ್ಲ. ಪುಸ್ತಕ ಮುಗಿಸಿದ ಸಂತೋಷ ಮೊದಲ ತಿಂಗಳಲ್ಲೇ ಒಮ್ಮೆಯಾದರೂ ಸಿಗಬೇಕು.

ನಾನು ಹೊಸಬರ ಕೈಗೆ ಕೊಡುವುದು ಇವನ್ನು. ‘ಊರು ಕೇರಿ’ಯ ಮೊದಲ ಭಾಗ, ಏಕೆಂದರೆ ಅದರ ಬೀದಿಗಳು ನಿಮ್ಮ ಮನೆಯಿಂದ ಆಟೊದಲ್ಲಿ ಹೋಗುವಷ್ಟು ದೂರದಲ್ಲಿವೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ಕೆಳಗಿಡಲು ಮನಸ್ಸು ಬಾರದ ಪುಸ್ತಕ. ವಿವೇಕ ಶಾನಭಾಗರ ‘ಘಾಚರ್ ಘೋಚರ್’, ಬೆಂಗಳೂರಿನ ಒಂದು ಕುಟುಂಬಕ್ಕೆ ದುಡ್ಡು ಬಂದಾಗ ಏನಾಗುತ್ತದೆ ಎಂಬುದನ್ನು ಒಂದೇ ಭಾನುವಾರದಲ್ಲಿ ಓದಿ ಮುಗಿಸಬಹುದಾದಷ್ಟು ಪುಟಗಳಲ್ಲಿ ಹೇಳುತ್ತದೆ. ಮಾಸ್ತಿ ಮತ್ತು ವೈದೇಹಿಯವರ ಸಣ್ಣಕಥೆಗಳು. ಪ್ರಬಂಧ ಬರೆಯುವ ಆಸೆಯಿದ್ದರೆ ಎ.ಎನ್. ಮೂರ್ತಿರಾವ್.

ಇವುಗಳಲ್ಲಿ ಯಾವುದೋ ಹಿಡಿಸದಿದ್ದರೆ ನಲವತ್ತು ಪುಟದ ತನಕ ನೋಡಿ, ಬಿಟ್ಟುಬಿಡಿ. ಪಾಪ ಏನೂ ಬರುವುದಿಲ್ಲ. ಹಿಡಿಸಿದರೆ ಮಾತ್ರ ಒಂದು ಹಟ ಮಾಡಿ: ಅದೇ ಲೇಖಕರ ಇನ್ನೆರಡು ಪುಸ್ತಕ ಓದಿದ ಮೇಲೆಯೇ ಬೇರೆಯವರ ಕಡೆ ಹೊರಳಿ. ಒಬ್ಬರ ಮೂರು ಪುಸ್ತಕ ಸಾಲಾಗಿ ಓದಿದಾಗ ಅವರ ಕೈಚಳಕ ಕಾಣತೊಡಗುತ್ತದೆ. ಎಲ್ಲಿ ಆತುರಪಟ್ಟರು, ಎಲ್ಲಿ ತಮ್ಮದೇ ಹಳೆಯ ವರಸೆಯನ್ನು ಮತ್ತೆ ಆಡಿದರು ಎಂಬುದೂ ಕಾಣುತ್ತದೆ. ಬರೆಯಬೇಕೆನ್ನುವವರಿಗೆ ಈ ಎರಡನೆಯದು ಹೆಚ್ಚು ಉಪಯೋಗ.

ಕೊಳ್ಳುವುದಾದರೆ ಗಾಂಧಿನಗರದ ಸಪ್ನ, ಗಾಂಧಿಬಜಾರಿನ ಅಂಕಿತ, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು, ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರ. ಸೆಕೆಂಡ್ ಹ್ಯಾಂಡ್ ಬೇಕಿದ್ದರೆ ಅವೆನ್ಯೂ ರಸ್ತೆ, ಆದರೆ ಅಲ್ಲಿ ಪಠ್ಯಪುಸ್ತಕಗಳ ರಾಶಿಯ ಅಡಿಯಿಂದ ಸಾಹಿತ್ಯ ಹೆಕ್ಕುವ ತಾಳ್ಮೆ ಬೇಕು.

ಹಂತ 4: ನೇರಳೆ ಮಾರ್ಗದಲ್ಲಿ ಓದುವುದು

2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಗೆ ಬಂತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟ ಮುಟ್ಟಿತು. ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸಿನ ಕಂಬಿ ಹಿಡಿದು ನೇತಾಡುತ್ತಿದ್ದವರಿಗೆ ಅದು ಉಳಿಸಿದ್ದು ಹೊತ್ತನ್ನಷ್ಟೇ ಎಂದು ಎಲ್ಲರೂ ಲೆಕ್ಕ ಹಾಕಿದರು. ಓದುವವರ ಲೆಕ್ಕ ಬೇರೆ: ಕುಲುಕಾಟವಿಲ್ಲದ, ಬೆಳಕಿರುವ ಸುಮಾರು ಅರ್ಧ ಗಂಟೆ, ಕೆಂಗೇರಿಯಿಂದ ಮೆಜೆಸ್ಟಿಕ್ಕಿನ ತನಕ. ಹೋಗುವಾಗ ಒಂದು, ಬರುವಾಗ ಒಂದು. ನಿಧಾನವಾಗಿ ಓದುವವರಿಗೂ ಒಂದು ದಿಕ್ಕಿಗೆ ಹತ್ತು ಹನ್ನೆರಡು ಪುಟ ಸಾಗುತ್ತದೆ. ‘ಕರ್ವಾಲೊ’ದಂಥ ಪುಸ್ತಕ ಒಂದು ವಾರದ ಓಡಾಟದಲ್ಲಿ ಮುಗಿಯುತ್ತದೆ.

ಹೇಗೆ ಓದಬೇಕು? ಬೆಳಗಿನ ಗದ್ದಲದಲ್ಲಿ ಸೀಟು ಸಿಗುವುದು ಕೆಂಗೇರಿ, ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಹತ್ತುವವರಿಗೆ. ವಿಜಯನಗರ, ಹೊಸಹಳ್ಳಿಯವರು ನಿಂತೇ ಹೋಗಬೇಕು. ನಿಂತು ಓದಲು ಒಂದೇ ಕೈಯಲ್ಲಿ ಹಿಡಿಯಬಹುದಾದ ಪುಸ್ತಕ ಬೇಕು. ದಪ್ಪ ರಟ್ಟಿನದು ಮನೆಯಲ್ಲಿರಲಿ. ಬಾಗಿಲಿನ ಪಕ್ಕದ ಗಾಜಿಗೆ ಒರಗಿ ನಿಂತರೆ ಹತ್ತುವ ಇಳಿಯುವವರ ಬೈಗುಳ, ಆದ್ದರಿಂದ ಬೋಗಿಗಳ ನಡುವಿನ ಜೋಡಣೆಯ ಕಡೆ ಸರಿಯಿರಿ. ಬುಕ್‌ಮಾರ್ಕ್ ಬೇಕೇ ಬೇಕು, ಇಳಿಯುವ ಆತುರದಲ್ಲಿ ಪುಟ ನೆನಪಿರುವುದಿಲ್ಲ.

ಮುಖ್ಯವಾದ ಅಭ್ಯಾಸ ಇದು. ಮಾಗಡಿ ರಸ್ತೆ ನಿಲ್ದಾಣ ದಾಟಿದೊಡನೆ ರೈಲು ಸುರಂಗಕ್ಕಿಳಿಯುತ್ತದೆ. ಅಲ್ಲಿ ಪುಸ್ತಕ ಮುಚ್ಚಿ. ಮೆಜೆಸ್ಟಿಕ್ ಬರುವ ತನಕ, ಈಗ ಓದಿದ್ದರಲ್ಲಿ ಏನು ಉಳಿದಿದೆ ಎಂದು ನೆನಪು ಮಾಡಿಕೊಳ್ಳಿ. ಒಂದು ಮಾತು, ಒಂದು ದೃಶ್ಯ, ಒಂದು ಹೆಸರು, ಏನಾದರೂ ಸರಿ. ಉಳಿದದ್ದು ನೋಟ್‌ಬುಕ್ಕಿಗೆ. ಹಸಿರು ಮಾರ್ಗದ ರಾಜಾಜಿನಗರದವರಿಗೆ ಪ್ರಯಾಣ ಚಿಕ್ಕದು, ಅವರು ಕವಿತೆ ಓದಲಿ. ಮಹಾಕವಿ ಕುವೆಂಪು ರಸ್ತೆ ಎಂಬ ನಿಲ್ದಾಣವೇ ಪಕ್ಕದಲ್ಲಿರುವಾಗ ನೆಪ ಹೇಳುವುದು ಕಷ್ಟ.

ಹಂತ 5: ನೋಟ್‌ಬುಕ್

ನನ್ನ ಅಭಿಪ್ರಾಯದಲ್ಲಿ ಓದುಗ ಬರಹಗಾರನಾಗುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜೇಬಿಗೋ ಕೈಚೀಲಕ್ಕೋ ಹಿಡಿಯುವ, ಗೆರೆ ಇರುವ, ಅಗ್ಗದ ನೋಟ್‌ಬುಕ್ ಕೊಳ್ಳಿ. ಚರ್ಮದ ಹೊದಿಕೆಯ ದುಬಾರಿ ಡೈರಿ ಬೇಡ. ಅದರಲ್ಲಿ ಚೆನ್ನಾಗಿ ಬರೆಯಬೇಕೆಂಬ ಭಯಕ್ಕೆ ಏನೂ ಬರೆಯುವುದಿಲ್ಲ. ಪ್ರತಿ ಓದಿನ ನಂತರ ಮೂರು ನಮೂದು.

ಒಂದು, ನಿಮ್ಮನ್ನು ನಿಲ್ಲಿಸಿದ ಒಂದೇ ಒಂದು ವಾಕ್ಯವನ್ನು ಪುಟಸಂಖ್ಯೆ ಸಮೇತ ಕೈಯಲ್ಲಿ ನಕಲು ಮಾಡಿ. ಫೋಟೊ ತೆಗೆದರೆ ಲೆಕ್ಕವಿಲ್ಲ. ಕೈ ಬರೆಯುವಾಗ ಕ್ರಿಯಾಪದ ಎಲ್ಲಿ ಬಂತು, ಉಸಿರು ಎಲ್ಲಿ ನಿಂತಿತು ಎಂಬುದು ತಿಳಿಯುತ್ತದೆ.

ಎರಡು, ಲೇಖಕರು ಅದನ್ನು ಹೇಗೆ ಮಾಡಿದರು ಎಂದು ನಿಮ್ಮ ಮಾತಿನಲ್ಲಿ ಎರಡು ಸಾಲು. ‘ತುಂಬಾ ಚೆನ್ನಾಗಿದೆ’ ಎಂದು ಬರೆಯಬಾರದು, ಅದು ಮದುವೆ ಮನೆಯ ಊಟಕ್ಕೆ ಹೇಳುವ ಮಾತು.

ಮೂರು, ಅದನ್ನು ಓದಿದಾಗ ನೆನಪಾದ, ನೀವೇ ಕಂಡ ಒಂದು ಸಂಗತಿ.

ಉದಾಹರಣೆಗೆ ‘ಕರ್ವಾಲೊ’ ಓದುತ್ತಿದ್ದೀರಿ ಎಂದುಕೊಳ್ಳಿ. ಎರಡನೆಯ ನಮೂದು ಹೀಗಿರಬಹುದು: ‘ಹಾರುವ ಓತಿಯ ಕಥೆ. ಆದರೆ ಶುರುವಾಗುವುದು ಮೂಡಿಗೆರೆಯ ಜೇನು ಸೊಸೈಟಿಗೆ ಜೇನು ಕೊಳ್ಳಲು ಹೋಗುವುದರಿಂದ. ವಿಜ್ಞಾನ, ವಿಕಾಸವಾದ ಎಲ್ಲ ಆಮೇಲೆ, ಮಂದಣ್ಣನಂಥ ಹಳ್ಳಿ ಹುಡುಗನ ಬೆನ್ನು ಹಿಡಿದು ಬರುತ್ತದೆ. ಓದುವವರು ಹೆದರಿ ಓಡುವ ಮೊದಲೇ ಒಳಗೆ ಬಂದು ಕೂತಿರುತ್ತಾರೆ.’ ಮೂರನೆಯದು ಹೀಗೆ: ‘ಅಟ್ಟಿಗುಪ್ಪೆಯ ಝೆರಾಕ್ಸ್ ಅಂಗಡಿ. ಮಾಲೀಕನಿಗೆ ಯಾವ ಪರೀಕ್ಷೆ ಯಾವಾಗ, ಯಾವ ಸೆಂಟರಿನ ನೋಟ್ಸಿಗೆ ಬೇಡಿಕೆ, ಯಾವ ಹುಡುಗ ಎಷ್ಟನೆಯ ಸಲ ಬರೆಯುತ್ತಿದ್ದಾನೆ ಎಲ್ಲ ಗೊತ್ತು. ನೇಮಕಾತಿ ಮುಂದೂಡಿದ ದಿನ ಅವನ ವ್ಯಾಪಾರ ಹೇಗಿರುತ್ತದೆ?’ ನೋಡಿ, ಜೇನಿನ ಅಂಗಡಿಯಿಂದ ಝೆರಾಕ್ಸ್ ಅಂಗಡಿಗೆ ಬಂದಾಯಿತು. ಇದು ನಕಲು ಹೊಡೆಯುವುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೂಡಿಗೆರೆಯ ಕಾಡನ್ನು ನೀವು ಬರೆದರೆ ನಕಲು. ದೊಡ್ಡ ವಿಷಯಕ್ಕೆ ಸಣ್ಣ ಬಾಗಿಲಿನಿಂದ ಹೋಗುವ ಕ್ರಮ ಕಲಿತರೆ ಅದು ಓದು.

ಆರು ತಿಂಗಳು ಹೀಗೆ ಬರೆದರೆ ನೋಟ್‌ಬುಕ್ಕು ತನ್ನಷ್ಟಕ್ಕೆ ಒಂದು ಸಾಮಗ್ರಿಯ ಉಗ್ರಾಣವಾಗುತ್ತದೆ. ಕುವೆಂಪು ಎಳೆಯ ವಯಸ್ಸಿನಲ್ಲಿ ದಿನಚರಿ ಇಟ್ಟಿದ್ದರು. ದಶಕಗಳ ಬಳಿಕ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಬರೆಯುವಾಗ ಅವರು ಮೊರೆಹೋದದ್ದು ಆ ಹಳೆಯ ಪುಟಗಳನ್ನೇ. ಅವರ ಇನ್ನೊಂದು ಸಂಗತಿಯೂ ಇಲ್ಲಿಗೆ ಬೇಕು. ಅವರ ಮೊದಲ ಪುಸ್ತಕ ಇಂಗ್ಲಿಷ್ ಕವಿತೆಗಳದು, 1922ರ ‘ಬಿಗಿನರ್ಸ್ ಮ್ಯೂಸ್’. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಕುವೆಂಪು ಅವರ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಯಾಕೆ ಬರೆಯಬಾರದು ಎಂಬರ್ಥದಲ್ಲಿ ಸಲಹೆ ಕೊಟ್ಟರು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಕನ್ನಡದಲ್ಲಿ ಬರೆಯಲು ಕೈ ನಡುಗುವವರು ಇದನ್ನು ನೆನಪಿಟ್ಟುಕೊಳ್ಳಲಿ. ನೋಟ್‌ಬುಕ್ಕಿನಲ್ಲಿ ಕಾಗುಣಿತ ತಪ್ಪಾದರೆ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ಹಂತ 6: ವಾರಕ್ಕೊಮ್ಮೆ ಗಟ್ಟಿಯಾಗಿ ಓದಿ

ಕನ್ನಡ ಕಾವ್ಯ ಶತಮಾನಗಳ ಕಾಲ ಜನರನ್ನು ಮುಟ್ಟಿದ್ದು ಕಿವಿಯ ಮೂಲಕ. ಕುಮಾರವ್ಯಾಸನ ಭಾರತವನ್ನು ಗಮಕಿಗಳು ವಾಚಿಸಿದ್ದರಿಂದಲೇ ಓದು ಬಾರದವರಿಗೂ ಅದು ಬಾಯಿಪಾಠವಾಯಿತು. ಭಾನುವಾರ ತಾರಸಿಯಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ, ಹತ್ತು ನಿಮಿಷ ವಚನಗಳನ್ನೋ ಒಳ್ಳೆಯ ಗದ್ಯವನ್ನೋ ದನಿ ಎತ್ತಿ ಓದಿ. ಪಕ್ಕದ ಮನೆಯವರು ಎರಡು ವಾರ ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಅಭ್ಯಾಸವಾಗುತ್ತದೆ.

ಹಂತ 7: ದಿನಕ್ಕೆ ಒಂದು ಪುಟ, ಅದೇ ಹೊತ್ತಿಗೆ

ಓದು ಒಂದು ತಿಂಗಳು ನಡೆದ ಮೇಲೆ ಬರೆಯಲು ಶುರುಮಾಡಿ. ಹೊತ್ತು ನಿಗದಿಯಾಗಿರಲಿ: ಬೆಳಿಗ್ಗೆ ಹಾಲು ಕಾಯಿಸಿದ ಮೇಲೆ, ಅಥವಾ ರಾತ್ರಿ ಮಕ್ಕಳು ಮಲಗಿದ ಮೇಲೆ. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು, ಕೈಬರಹದಲ್ಲಿ ಒಂದು ಪುಟ. ಅಲಾರಂ ಹೊಡೆದಾಗ ವಾಕ್ಯ ಅರ್ಧಕ್ಕಿದ್ದರೆ ಹಾಗೇ ಬಿಡಿ. ಮರುದಿನ ಎಲ್ಲಿಂದ ಶುರುಮಾಡಲಿ ಎಂಬ ಚಿಂತೆ ತಪ್ಪುತ್ತದೆ.

ಮೊದಲ ತಿಂಗಳು ‘ಜೀವನ’, ‘ಪ್ರೀತಿ’, ‘ಮಳೆ’ ಎಂಬ ಮೂರು ವಿಷಯಗಳಿಗೆ ರಜೆ ಕೊಡಿ. ಬದಲಿಗೆ ನಿಮ್ಮ ದಾರಿಯಲ್ಲಿರುವುದನ್ನು ಬರೆಯಿರಿ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮುಂದೆ ನಿಂತವನ ಕೈ ಹೇಗೆ ಆಡುತ್ತದೆ. ನವರಂಗ್ ಸಿಗ್ನಲ್ಲಿನಲ್ಲಿ ಕೆಂಪು ದೀಪ ಇರುವಷ್ಟು ಹೊತ್ತಿನಲ್ಲಿ ಹೂವಿನವಳು ಎಷ್ಟು ಜನರ ಮುಖ ಓದುತ್ತಾಳೆ. ವೃಷಭಾವತಿಯ ವಾಸನೆ ಮೈಸೂರು ರಸ್ತೆಯಲ್ಲಿ ಎಲ್ಲಿಂದ ಶುರುವಾಗುತ್ತದೆ, ಮಳೆ ಬಂದ ಮರುದಿನ ಅದು ಏನಾಗುತ್ತದೆ. ಈ ಪುಟಗಳಲ್ಲಿ ‘ದುಃಖದಿಂದ’, ‘ಸಂತೋಷದಿಂದ’ ಎಂಬ ಪದಗಳನ್ನು ಬಳಸದೆ ನೋಡಿ. ಕಂಡದ್ದು, ಕೇಳಿದ್ದು, ಮೂಸಿದ್ದು ಮಾತ್ರ. ತುಂಬ ಕಷ್ಟವಾಗುತ್ತದೆ, ಅದಕ್ಕೇ ಹೇಳುತ್ತಿರುವುದು.

ಮಾತುಕತೆ ಬರೆಯಲು ಪಶ್ಚಿಮ ಬೆಂಗಳೂರಿನಷ್ಟು ಶ್ರೀಮಂತ ಜಾಗ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಕೆಂಗೇರಿ ಕಡೆ ರಾಮನಗರ, ಮಂಡ್ಯದ ಮಾತು, ಮಾಗಡಿ ರಸ್ತೆಯಲ್ಲಿ ಮಾಗಡಿ, ಕುಣಿಗಲ್ಲಿನದು, ವಿಜಯನಗರದ ಪಿಜಿಗಳಲ್ಲಿ ಉತ್ತರ ಕರ್ನಾಟಕದ್ದು. ಇವರೆಲ್ಲ ಒಂದೇ ಮೆಸ್ಸಿನಲ್ಲಿ ‘ಸಾಂಬಾರ್ ಹಾಕಿ’ ಅನ್ನುವುದನ್ನು ಒಬ್ಬೊಬ್ಬರೂ ಒಂದೊಂದು ಥರ ಅನ್ನುತ್ತಾರೆ. ಅದನ್ನು ‘ಶುದ್ಧ’ ಮಾಡಿ ಬರೆಯಬೇಡಿ. ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು 1984ರಲ್ಲಿ ತಮ್ಮ ಸೀಮೆಯ ಆಡುಮಾತಿನಲ್ಲೇ ಬರೆದರು. ಓದಲು ತಿಣುಕಬೇಕು ಎಂದು ಆಗ ಹಲವರು ಗೊಣಗಿದರು, ಅದು ನಿಜವೂ ಹೌದು. ಆದರೆ ತಿಣುಕಿ ಓದಿದವರ ಕಿವಿಯಿಂದ ಆ ಮಾತು ಹೋಗುವುದಿಲ್ಲ. ನಿಮ್ಮ ಮೊದಲ ಪುಟದಲ್ಲೇ ಅಷ್ಟು ದೂರ ಹೋಗುವುದು ಬೇಡ. ಆಡುವ ಮಾತಿನಲ್ಲಿ ಮಾತ್ರ ಆಡುನುಡಿ ಇರಲಿ, ನಿರೂಪಣೆ ನಿಮಗೆ ಸಲೀಸಾದ ಕನ್ನಡದಲ್ಲಿರಲಿ.

ಹಂತ 8: ಒಂದು ಸಲ ಹೋಗಿ ನೋಡಿ ಬನ್ನಿ

ಎಸ್.ಎಲ್. ಭೈರಪ್ಪನವರು ‘ಪರ್ವ’ಕ್ಕಾಗಿ ಹಿಮಾಲಯದ ಊರುಗಳಿಗೆ ಹೋಗಿ ಬಂದರು, ಆ ಬರವಣಿಗೆಯ ಹಿಂದಿನ ಕಥೆಯನ್ನು ‘ನಾನೇಕೆ ಬರೆಯುತ್ತೇನೆ?’ ಪುಸ್ತಕದಲ್ಲಿ ವಿವರಿಸಿದ್ದಾರೆ. ಅವರ ವಿಚಾರಗಳನ್ನು ಒಪ್ಪದವರೂ ಆ ಶ್ರಮದ ಶಿಸ್ತನ್ನು ಕಲಿಯಬಹುದು. ನಿಮಗೆ ಹಿಮಾಲಯ ಬೇಕಿಲ್ಲ. ಶ್ರೀರಾಮಪುರದ ಬಗ್ಗೆ ಬರೆಯುವುದಾದರೆ ಅಲ್ಲಿ ಒಂದು ಮಧ್ಯಾಹ್ನ ನಡೆದು ಬನ್ನಿ, ಗೂಗಲ್ ನಕ್ಷೆ ನೋಡಿ ಬರೆಯಬೇಡಿ. ನಾಟಕ ನೋಡುವ ಆಸಕ್ತಿ ಇದ್ದರೆ ಜ್ಞಾನಭಾರತಿ ಪಕ್ಕದ ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ ಹೋಗಿ. ಜಿ.ಎಸ್. ಶಿವರುದ್ರಪ್ಪ, ಅನಂತಮೂರ್ತಿ, ಸಿದ್ಧಲಿಂಗಯ್ಯ ಮೂವರ ಅಂತ್ಯಸಂಸ್ಕಾರವೂ ನಡೆದದ್ದು ಅಲ್ಲೇ. ಸ್ಮಶಾನದಲ್ಲಿ ಕೂತು ಓದಿದವರು ಕೊನೆಗೆ ನಾಟಕದ ಸಂಭಾಷಣೆ ಕೇಳಿಸುವಷ್ಟು ಹತ್ತಿರ ಮಲಗಿದ್ದಾರೆ ಎಂದರೆ ಅವರೇ ನಗುತ್ತಿದ್ದರೇನೋ.

ಹಂತ 9: ತಿದ್ದುವುದು

ಬರೆದದ್ದನ್ನು ಒಂದು ವಾರ ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ಗುರುತು ಹಾಕಿ. ಮೊದಲ ಪ್ಯಾರಾ ಮುಚ್ಚಿ ಎರಡನೆಯದರಿಂದ ಓದಿ ನೋಡಿ; ಬಹಳ ಸಲ ಕಥೆ ಶುರುವಾಗಿರುವುದು ಅಲ್ಲಿ, ಮೊದಲನೆಯದು ಗಂಟಲು ಸರಿಮಾಡಿಕೊಂಡದ್ದಷ್ಟೇ. ಕೊನೆಯಲ್ಲಿ ನೀತಿ ಹೇಳಿದ್ದರೆ ಹೊಡೆದುಹಾಕಿ.

ಪದದ ಬಗ್ಗೆ ಅನುಮಾನ ಬಂದರೆ ನಿಘಂಟು ನೋಡಿ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ದೊಡ್ಡ ನಿಘಂಟು ಮನೆಗೆ ಆಗಿಬರುವುದಿಲ್ಲ, ಅವರದೇ ಸಂಕ್ಷಿಪ್ತ ನಿಘಂಟು ಸಾಕು. ಫೋನಿನಲ್ಲಿ ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಪುಕ್ಕಟೆ ಸಿಗುತ್ತದೆ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ವನ್ನು ನಿಘಂಟಾಗಿ ಬಳಸುವುದಕ್ಕಿಂತ ಸುಮ್ಮನೆ ಓದುವುದೇ ಮಜಾ.

ಆಮೇಲೆ ಟೈಪ್ ಮಾಡಿ, ಯೂನಿಕೋಡಿನಲ್ಲಿ. ‘ನುಡಿ’ ಫಾಂಟಿನಲ್ಲಿ ಬೇಕೆಂದು ಕೇಳುವ ಕಡೆಗೆ ಪರಿವರ್ತಿಸಿ ಕಳಿಸಬಹುದು, ಆದರೆ ಒತ್ತಕ್ಷರಗಳು ಜಾರಿವೆಯೇ ಎಂದು ಒಮ್ಮೆ ಕಣ್ಣಾಡಿಸಿ.

ಹಂತ 10: ತೋರಿಸುವುದು, ಕಳಿಸುವುದು

ಮೊದಲು ಇಬ್ಬರಿಗೆ ತೋರಿಸಿ: ಸಾಹಿತ್ಯ ಓದುವ ಒಬ್ಬರು, ಓದದ ಒಬ್ಬರು. ‘ಹೇಗಿದೆ?’ ಎಂದು ಕೇಳಿದರೆ ಚೆನ್ನಾಗಿದೆ ಅನ್ನುತ್ತಾರೆ, ಪಾಪ, ಇನ್ನೇನು ಅಂದಾರು. ‘ಎಲ್ಲಿ ಬೇಸರ ಬಂತು?’ ಎಂದು ಕೇಳಿ. ಇಬ್ಬರೂ ಒಂದೇ ಜಾಗ ತೋರಿಸಿದರೆ ವಾದ ಮಾಡದೆ ತಿದ್ದಿ.

ಕಳಿಸಲು ‘ಸುಧಾ’, ‘ಮಯೂರ’, ‘ತರಂಗ’, ‘ತುಷಾರ’, ‘ಕಸ್ತೂರಿ’ ಇವೆ, ದಿನಪತ್ರಿಕೆಗಳ ಭಾನುವಾರದ ಪುರವಣಿಗಳಿವೆ. ಪ್ರಜಾವಾಣಿ ದೀಪಾವಳಿ ವಿಶೇಷಾಂಕದ ಕಥಾ ಸ್ಪರ್ಧೆಯಿಂದ ಎಷ್ಟೋ ಕಥೆಗಾರರ ಹೆಸರು ಮೊದಲ ಸಲ ಹೊರಗೆ ಬಂದಿದೆ. ಅದರ ಪ್ರಕಟಣೆ ಬಂದಾಗ ಪದಮಿತಿ, ಕೊನೆಯ ದಿನಾಂಕ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳಿ. ಯಾವ ಪತ್ರಿಕೆಗೆ ಕಳಿಸುತ್ತೀರೋ ಅದರ ಮೂರು ಸಂಚಿಕೆಯನ್ನಾದರೂ ಗ್ರಂಥಾಲಯದಲ್ಲಿ ಕೂತು ಓದಿ, ನಿಮ್ಮ ಬರಹ ಅಲ್ಲಿ ಕೂರುತ್ತದೆಯೇ ನೋಡಿ. ಒಂದೇ ಬರಹವನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬಾರದು. ಸಂಪಾದಕರಿಗೆ ಬರೆಯುವ ಪತ್ರ ನಾಲ್ಕು ಸಾಲು ಮೀರದಿರಲಿ: ಹೆಸರು, ಊರು, ಬರಹದ ಶೀರ್ಷಿಕೆ, ಬೇರೆಲ್ಲೂ ಪ್ರಕಟವಾಗಿಲ್ಲ ಎಂಬ ಮಾತು. ಅದರಲ್ಲಿ ಕಥೆಯ ಸಾರಾಂಶ ಹೇಳಬೇಡಿ.

ಪುಸ್ತಕ ಮಾಡುವಷ್ಟು ಬರಹ ಕೂಡಿಬಂದರೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸಿನ ಮಿತಿ ಇದೆ, ಅರ್ಜಿ ಕರೆದಾಗ ಪತ್ರಿಕೆಯಲ್ಲಿ ಬರುತ್ತದೆ. ದುಡ್ಡು ಕೊಟ್ಟರೆ ನಿಮ್ಮ ಪುಸ್ತಕ ಅಚ್ಚು ಮಾಡುತ್ತೇವೆ ಎಂದು ಫೋನ್ ಮಾಡುವವರ ವಿಷಯದಲ್ಲಿ ಅವಸರ ಬೇಡ.

ಕಳಿಸಿದ ದಿನಾಂಕವನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗುರುತು ಹಾಕಿಕೊಳ್ಳಿ. ಮೂರು ತಿಂಗಳು ಉತ್ತರ ಬರದಿದ್ದರೆ ಒಂದು ಸಾಲಿನ ವಿನಯದ ಇ–ಮೇಲ್, ಅದಕ್ಕೂ ಉತ್ತರವಿಲ್ಲದಿದ್ದರೆ ಹಿಂತೆಗೆದುಕೊಂಡಿದ್ದೇನೆ ಎಂದು ತಿಳಿಸಿ ಇನ್ನೊಂದು ಪತ್ರಿಕೆಗೆ ಕಳಿಸಿ. ಅಷ್ಟರೊಳಗೆ ಝೆರಾಕ್ಸ್ ಅಂಗಡಿಯವನ ಕಥೆಯ ಮೊದಲ ಕರಡು ಮುಗಿದಿರಬೇಕು.